ಶವರ್ ಗಾಜಿನ ಬಾಗಿಲಿಗೆ ಹೊಸ ಸೀಲ್: ಕಾರವಾರದ ಒಂದು ಬಚ್ಚಲುಮನೆಯ ದುರಸ್ತಿ

ಕೋಡಿಬಾಗದಲ್ಲಿರುವ ಅಕ್ಕನ ಮನೆಯ ಮಹಡಿಯ ಬಚ್ಚಲಿನಲ್ಲಿ ಸ್ನಾನದ ಜಾಗವನ್ನು ಮೂರು ಕಡೆ ಗೋಡೆಯೂ ಒಂದು ಕಡೆ ಗಾಜೂ ಸುತ್ತುವರಿದಿವೆ. ಗಾಜಿನ ಕಡೆ ಎಡಕ್ಕೆ ಗೋಡೆಗೆ ಸೇರಿಸಿ ನಿಲ್ಲಿಸಿದ ಅಲುಗದ ಗಾಜು, ಬಲಕ್ಕೆ ಗೋಡೆಯ ಎರಡು ಹಿಂಜ್‌ಗಳಿಂದ ತೂಗುವ 650 ಮಿ.ಮೀ. ಅಗಲದ, 1900 ಮಿ.ಮೀ. ಎತ್ತರದ ಬಾಗಿಲು. ಮುಚ್ಚಿದಾಗ ಇವೆರಡೂ ಒಂದೇ ಸಾಲಿಗೆ ಬಂದು ನಡುವಿನ ಆಯಸ್ಕಾಂತದ ಪಟ್ಟಿಗಳು ಪರಸ್ಪರ ಹಿಡಿದುಕೊಳ್ಳಬೇಕು. ಅವು ಹಿಡಿಯುವುದನ್ನು ಬಿಟ್ಟು ಕಾಲವಾಗಿತ್ತು. ಬಾಗಿಲ ಕೆಳಗಿನ ರಬ್ಬರು, ಅಂದರೆ ಸೀಲ್, ಹಳದಿಗಟ್ಟಿ, ಅಲ್ಲಲ್ಲಿ ತುಂಡಾಗಿ ಉದುರಿತ್ತು. ಪ್ರತಿ ಸ್ನಾನದ ನಂತರವೂ ನೀರು ಹೊರಗೆ ಹರಿದು ಬಚ್ಚಲಿನ ಮರದ ಚೌಕಟ್ಟಿನ ಬುಡ ಉಬ್ಬಿಕೊಂಡಿತ್ತು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವ ಊರಿನಲ್ಲಿ, ಜೂನ್‌ನಲ್ಲಿ ಒದ್ದೆಯಾದ ಮರ ದಸರೆಯವರೆಗೂ ಒಣಗುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಮೇ ತಿಂಗಳಿನಲ್ಲಿಯೇ ಮುಗಿಸಬೇಕೆಂದು ನಿಶ್ಚಯಿಸಿದೆ.

"ತಮ್ಮಾ, ಆ ಸಂದಿಗೆಲ್ಲ ಸಿಲಿಕಾನ್ ಹೊಡೆದುಬಿಡೋ, ಮುಗೀತು" ಎಂಬುದು ಅಕ್ಕನ ಸಲಹೆ. ಇದು ಹೆಚ್ಚಿನವರು ಕೊಡುವ ಸಲಹೆಯೂ ಹೌದು. ಆದರೆ ಗಾಜಿನ ಬಾಗಿಲಿನ ಸೀಲ್ ಮಾಡುವ ಕೆಲಸವೇ ಬೇರೆ. ಅದು ಟ್ಯಾಂಕಿನ ಮುಚ್ಚಳದ ಹಾಗೆ ನೀರನ್ನು ಕಟ್ಟಿಹಾಕುವುದಿಲ್ಲ. ಗಾಜಿನ ಮೇಲಿಂದ ಇಳಿದು ಬಂದ ನೀರನ್ನು ಒಳಮುಖವಾಗಿ ತಿರುಗಿಸಿ, ನೆಲದ ನೀರು ಇಳಿದುಹೋಗುವ ನಹಾನಿ ಟ್ರ್ಯಾಪಿನ ಕಡೆಗೆ ಬಿಡುತ್ತದೆ, ಅಷ್ಟೆ. ಒಳಗೆ ಮರಳುವ ದಾರಿಯನ್ನು ನೀರಿಗೆ ಉಳಿಸದೆ ಎಲ್ಲ ಸಂದಿಗಳನ್ನೂ ಬಿಗಿದರೆ ಆ ನೀರು ಸಂದಿಯಲ್ಲೇ ನಿಂತು, ಕಪ್ಪು ಬೂಷ್ಟನ್ನು ಬೆಳೆಸಿ, ಕೊನೆಗೆ ಎಲ್ಲಿ ಸಣ್ಣ ಬಿರುಕು ಸಿಗುತ್ತದೆಯೋ ಅಲ್ಲಿಂದ ಹೊರಗೆ ಬರುತ್ತದೆ. ಸೀಲ್‌ನ ಆಯ್ಕೆ, ಕತ್ತರಿಸುವ ಕ್ರಮ, ಕೂರಿಸುವ ದಿಕ್ಕು ಎಲ್ಲವನ್ನೂ ನಾನು ಈ ಒಂದು ಎಣಿಕೆಯ ಮೇಲೆಯೇ ನಿರ್ಧರಿಸಿದೆ.

ಹೊಸ ಸೀಲ್ ಕೊಳ್ಳುವುದಕ್ಕೆ ಮೊದಲು ನೀರು ಯಾವ ಜಾಗದಿಂದ ಹೊರಬರುತ್ತಿದೆ ಎಂಬುದು ಖಚಿತವಾಗಬೇಕಿತ್ತು. ಹೊರಗಿನ ನೆಲವನ್ನು ಪೂರ್ತಿ ಒರೆಸಿ ಒಣಗಿಸಿ, ಗಾಜಿನ ಉದ್ದಕ್ಕೂ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಹಾಸಿ, ಒಳಗಿನಿಂದ ಮಗ್ಗಿನಲ್ಲಿ ಒಂದೊಂದೇ ಭಾಗಕ್ಕೆ ನಿಧಾನವಾಗಿ ನೀರು ಸುರಿದೆ: ಮೊದಲು ಅಲುಗದ ಗಾಜಿನ ಬುಡಕ್ಕೆ, ಆಮೇಲೆ ಎರಡು ಗಾಜುಗಳು ಸೇರುವ ಸಂದಿಗೆ, ಆಮೇಲೆ ಬಾಗಿಲಿನ ಬುಡಕ್ಕೆ, ಕೊನೆಗೆ ಹಿಂಜ್ ಇರುವ ಬದಿಗೆ. ಒದ್ದೆಯಾದ ಕಾಗದ ಸುಳ್ಳು ಹೇಳುವುದಿಲ್ಲ. ಅಲುಗದ ಗಾಜಿನ ಬುಡ ಗಟ್ಟಿಯಾಗಿತ್ತು. ನಡುವಿನ ಸಂದಿಯಿಂದ ಸ್ವಲ್ಪ ನೀರು ಬಂತು. ಹೆಚ್ಚಿನದು ಬಾಗಿಲಿನ ಕೆಳ ಅಂಚಿನಿಂದ, ಅದರಲ್ಲೂ ಹಿಂಜ್ ಪಕ್ಕದ ಮೂಲೆಯಿಂದ ಬಂತು. ಶವರನ್ನು ತಿರುಗಿಸಿ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಅದರ ತಲೆ ನೇರವಾಗಿ ಬಾಗಿಲಿನ ಸಂದಿಗೆ ಮುಖ ಮಾಡಿತ್ತು. ಅದನ್ನು ಹಿಂಬದಿಯ ಗೋಡೆಯ ಕಡೆ ಸ್ವಲ್ಪ ತಿರುಗಿಸಿದ್ದರಿಂದಲೇ ಹೊರಗಿನ ನೀರು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಒಂದು ಪೈಸೆ ಖರ್ಚಿಲ್ಲದ ಈ ಪರಿಹಾರವನ್ನು ಎಲ್ಲಕ್ಕಿಂತ ಮೊದಲು ಪ್ರಯತ್ನಿಸಿ ನೋಡಬೇಕು.

ಹಳೆಯ ಸೀಲನ್ನು ತೆಗೆದು ಅದರ ಅಡ್ಡಕೊಯ್ತವನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ರಚನೆ ಅರ್ಥವಾಗುತ್ತದೆ. ಮೇಲ್ಭಾಗದಲ್ಲಿ ಗಾಜನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಯು ಆಕಾರದ ತೋಡು. ಅದರ ತಳದಿಂದ ಕೆಳಕ್ಕೆ ಇಳಿದು ನೆಲವನ್ನು ಸವರುವ ಮೆತ್ತನೆಯ ನಾಲಿಗೆ. ತೋಡಿನ ಒಂದು ಪಕ್ಕದಿಂದ ಒಳಮುಖವಾಗಿ ಓರೆಯಾಗಿ ಚಾಚಿಕೊಂಡ ಇನ್ನೊಂದು ಗಟ್ಟಿ ತುಟಿ. ಗಾಜಿನ ಮೇಲೆ ಇಳಿಯುವ ನೀರನ್ನು ಹೊಸ್ತಿಲಿನಿಂದ ದೂರಕ್ಕೆ, ಒಳಗಡೆಗೆ ತೊಟ್ಟಿಕ್ಕಿಸುವುದು ಈ ತುಟಿಯ ಕೆಲಸ. ನಮ್ಮ ಸೀಲ್‌ನಲ್ಲಿ ಮೆತ್ತಗಿರಬೇಕಾದ ನಾಲಿಗೆ ಉಗುರಿನಿಂದ ಒತ್ತಿದರೆ ಬಾಗದೆ ಚಟ್ಟನೆ ಮುರಿಯುತ್ತಿತ್ತು. ಮೆತ್ತನೆಯ ಪಿವಿಸಿಗೆ ಆ ಗುಣ ಬರುವುದು ಅದರಲ್ಲಿ ಬೆರೆಸಿರುವ ಮೃದುಕಾರಿ ದ್ರವ್ಯದಿಂದ. ಬಿಸಿಲು, ಬಿಸಿನೀರು, ಸಾಬೂನುಗಳಿಂದ ಅದು ವರ್ಷಗಳು ಕಳೆದಂತೆ ಹೊರಟುಹೋಗಿ ಪ್ಲಾಸ್ಟಿಕ್ ಕುಗ್ಗಿ ಗಡುಸಾಗುತ್ತದೆ. ಈ ಬಚ್ಚಲಿನ ಕಿಟಕಿ ಪಶ್ಚಿಮಕ್ಕಿರುವುದರಿಂದ ಸಂಜೆಯ ಬಿಸಿಲು ನೇರವಾಗಿ ಬಾಗಿಲಿನ ಮೇಲೆ ಬೀಳುತ್ತದೆ. ತೋಡಿನ ಒಳಗೆ, ಗಾಜಿನ ಅಂಚಿನುದ್ದಕ್ಕೂ, ಬಾವಿನೀರಿನ ಕಬ್ಬಿಣದಂಶ ಬಿಟ್ಟುಹೋದ ಇಟ್ಟಿಗೆ ಬಣ್ಣದ ಗೆರೆಯೂ ಅದರ ಕೆಳಗೆ ಸಾಬೂನಿನ ಮೇಲೆ ಬೆಳೆದ ಕಪ್ಪು ಬೂಷ್ಟೂ ಇದ್ದವು.

ಸೀಲ್ ತೆಗೆದ ಮೇಲೆ ನಿಜವಾದ ಅಳತೆ ಸಿಗುತ್ತದೆ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಎಂಎಂ ಗಾಜು ಸಾರ್?" ಎಂಬುದು; ಹಲವು ಸಲ ಕೊನೆಯ ಪ್ರಶ್ನೆಯೂ ಅದೇ. ಗಾಜಿನ ದಪ್ಪ ತೋಡಿನ ಅಳತೆಯನ್ನು ಮಾತ್ರ ನಿರ್ಧರಿಸುತ್ತದೆ; ಗಾಜಿಗೂ ನೆಲಕ್ಕೂ, ಗಾಜಿಗೂ ಗೋಡೆಗೂ, ಗಾಜಿಗೂ ಗಾಜಿಗೂ ನಡುವೆ ಇರುವ ಸಂದಿಯೇ ನಾಲಿಗೆಯ ಉದ್ದವನ್ನು ನಿರ್ಧರಿಸುವುದು. ನಮ್ಮ ಗಾಜು ವರ್ನಿಯರ್ ಕ್ಯಾಲಿಪರಿನಲ್ಲಿ 7.8 ಮಿ.ಮೀ. ತೋರಿಸಿತು, ಅಂದರೆ 8 ಮಿ.ಮೀ. ಎಂದು ಮಾರುವ ಗಾಜು. ಶವರ್‌ಗೆ ಸಾಮಾನ್ಯವಾಗಿ ಬಳಸುವುದು 6, 8, 10 ಮತ್ತು 12 ಮಿ.ಮೀ. ದಪ್ಪಗಳನ್ನು. 10ರ ತೋಡನ್ನು 8ರ ಗಾಜಿಗೆ ಹಾಕಿದರೆ ಅದು ಮೊದಲ ದಿನ ನಿಂತಂತೆ ಕಂಡರೂ ಬಾಗಿಲು ತೆರೆದು ಮುಚ್ಚುವಾಗ ಜಾರಿ ಬೀಳುತ್ತದೆ. ಸಂದಿಯನ್ನು ಅಳೆಯಲು ಡ್ರಿಲ್ ಬಿಟ್‌ಗಳ ಹಿಂಬದಿಯ ದಂಡುಗಳೇ ನನಗೆ ಅಳತೆಗೋಲಾದವು: 8, 9, 10 ಮಿ.ಮೀ. ಬಿಟ್‌ಗಳನ್ನು ಒಂದೊಂದಾಗಿ ತೂರಿಸಿ, ಯಾವುದು ಸಡಿಲವಿಲ್ಲದೆ ಹೋಗುತ್ತದೆಯೋ ಅದೇ ಸಂದಿಯ ಅಳತೆ. ಬಾಗಿಲನ್ನು ಮುಚ್ಚಿಟ್ಟು, ಎರಡು ತುದಿಗಳಲ್ಲಿಯೂ ನಡುವಿನಲ್ಲಿಯೂ ಹೀಗೆ ನೋಡಬೇಕು.

ಹಾಗೆ ನೋಡಿದಾಗ ಹಿಂಜ್ ಕಡೆ 11, ಹಿಡಿಯ ಕಡೆ 7 ಮಿ.ಮೀ. ಬಂತು. ಹೊಸ್ತಿಲಿನ ಗ್ರಾನೈಟ್ ಪಟ್ಟಿಯ ಮೇಲೆ ಮಟ್ಟಗೋಲು ಇಟ್ಟರೆ ಅದು ಸಮವಾಗಿಯೇ ಇತ್ತು. ಆದ್ದರಿಂದ ಜೋತುಬಿದ್ದಿರುವುದು ಬಾಗಿಲು. ಇಂಥ ಬಾಗಿಲಿಗೆ ಯಾವ ಸೀಲ್ ಹಾಕಿದರೂ ಒಂದು ತುದಿ ನೆಲಕ್ಕೆ ಉಜ್ಜುತ್ತದೆ, ಇನ್ನೊಂದು ತುದಿ ನೆಲವನ್ನು ಮುಟ್ಟುವುದೇ ಇಲ್ಲ. ಮೊದಲು ಹಿಂಜ್, ಆಮೇಲೆ ರಬ್ಬರು.

ಗಾಜಿನ ತೂಕವನ್ನು ಇಲ್ಲಿ ಲೆಕ್ಕ ಹಾಕಿಕೊಳ್ಳಬೇಕು. ಗಾಜು ಒಂದು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ, ಆ ಲೆಕ್ಕದಲ್ಲಿ ನಮ್ಮ ಬಾಗಿಲು ಸುಮಾರು 25 ಕೆ.ಜಿ. ಒಬ್ಬರೇ ಎತ್ತಬಹುದಾದರೂ, ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅಲೆನ್ ಕೀ ತಿರುಗಿಸುವ ಭಾರ ಅದಲ್ಲ. ಭಾವನವರು ಬಾಗಿಲನ್ನು ಹಿಡಿದುಕೊಂಡರು. ನಾನು ಅದರ ಕೆಳಗೆ ಮರದ ತೆಳು ಬೆಣೆಗಳನ್ನೂ ಅವುಗಳ ಮೇಲೆ ಮಡಚಿದ ರಟ್ಟನ್ನೂ ಇಟ್ಟು ಭಾರವನ್ನು ಅವುಗಳಿಗೆ ವಹಿಸಿದೆ. ಟಫನ್ಡ್ ಗಾಜಿನ ಮುಖ ಎಷ್ಟು ಗಟ್ಟಿಯೋ ಅಂಚು ಅಷ್ಟೇ ಸೂಕ್ಷ್ಮ: ಅಂಚಿನ ಮೂಲೆ ಟೈಲ್ಸಿಗೆ ತಗುಲಿದರೆ ಇಡೀ ಬಾಗಿಲು ಒಂದೇ ಕ್ಷಣದಲ್ಲಿ ಸಣ್ಣ ಹರಳುಗಳಾಗಿ ಉದುರಬಹುದು. ಆ ಗಾಜನ್ನು ಒಮ್ಮೆ ಕಾಯಿಸಿ ಗಟ್ಟಿಮಾಡಿದ ಮೇಲೆ ಕತ್ತರಿಸುವುದಕ್ಕಾಗಲಿ, ರಂಧ್ರ ಕೊರೆಯುವುದಕ್ಕಾಗಲಿ ಬರುವುದಿಲ್ಲ; ಹೀಗಾಗಿ ಸಂದಿ ಸರಿಯಿಲ್ಲವೆಂದು ಗಾಜಿನ ಅಂಚನ್ನು ಉಜ್ಜಿ ಸರಿಪಡಿಸುವ ಯೋಚನೆಯನ್ನೇ ಬಿಡಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಚಪ್ಪಲಿಯ ಬದಲು ಷೂ ಇರಲಿ.

ಹಿಂಜಿನ ತಟ್ಟೆಗಳ ಸ್ಕ್ರೂಗಳನ್ನು ಪೂರ್ತಿ ಬಿಚ್ಚದೆ ಅರ್ಧ ಸುತ್ತು ಸಡಿಲಿಸಿ, ಬೆಣೆಗಳನ್ನು ಸ್ವಲ್ಪಸ್ವಲ್ಪವೇ ಸರಿಸಿ, ಎರಡೂ ತುದಿಗಳಲ್ಲಿ 9 ಮಿ.ಮೀ. ಬಿಟ್ ಸಮನಾಗಿ ತೂರುವಂತೆ ಮಾಡಿ ಮತ್ತೆ ಬಿಗಿದೆವು. ಹಿಂಜಿನ ಲೋಹದ ತಟ್ಟೆಗೂ ಗಾಜಿಗೂ ನಡುವೆ ತೆಳುವಾದ ರಬ್ಬರಿನ ಹಾಳೆ ಇರುತ್ತದೆ; ಅದು ಹೊಸಕಿಹೋಗಿದ್ದರೆ ಬದಲಿಸದೆ ಬಿಗಿಯಬಾರದು, ಏಕೆಂದರೆ ಲೋಹ ನೇರವಾಗಿ ಗಾಜನ್ನು ಒತ್ತುವ ಜಾಗದಿಂದಲೇ ಒಡೆಯುವಿಕೆ ಆರಂಭವಾಗುತ್ತದೆ. ನಮ್ಮದು ಚೆನ್ನಾಗಿತ್ತು. ಗೋಡೆಯ ಕಡೆಯ ಸ್ಕ್ರೂಗಳು ಮಾತ್ರ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು. ಒಂದೊಂದನ್ನೇ ತೆಗೆದು, ಅದರ ಜಾಗಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಸಾಮಾನ್ಯವಾಗಿ ಸಿಗುವ 304 ದರ್ಜೆ ಘಟ್ಟದ ಮೇಲೆ, ಶಿರಸಿಯ ಕಡೆ ನಡೆದೀತು. ಸಮುದ್ರಕ್ಕೆ ಇಷ್ಟು ಹತ್ತಿರದಲ್ಲಿ ಅದರ ಮೇಲೆ ಚಹಾದ ಕಲೆಯಂಥ ಕಂದು ಚುಕ್ಕೆಗಳು ಬೇಗನೆ ಮೂಡುತ್ತವೆ.

ಈಗ ಆಯ್ಕೆಯ ಮಾತು. ಕೆಳ ಅಂಚಿಗೆ 8 ಮಿ.ಮೀ. ತೋಡಿನ, ಒಳಮುಖದ ತುಟಿ ಇರುವ, ಗಾಜಿನಿಂದ ಕೆಳಕ್ಕೆ ಒಟ್ಟು 10ರಿಂದ 11 ಮಿ.ಮೀ. ಇಳಿಯುವ ಸೀಲ್ ಬೇಕಾಗಿತ್ತು. ನಾಲಿಗೆ ಸಂದಿಗಿಂತ ಒಂದೆರಡು ಮಿಲಿಮೀಟರ್ ಉದ್ದವಿದ್ದು ನೆಲದ ಮೇಲೆ ಲಘುವಾಗಿ ಬಾಗಿದರೆ ಸಾಕು. ಇನ್ನೂ ಉದ್ದವಾದರೆ ಬಾಗಿಲು ಪ್ರತಿ ಸಲವೂ ಅದನ್ನು ಎಳೆದಾಡಿ ತೋಡನ್ನೇ ಸಡಿಲಿಸುತ್ತದೆ. ಹಿಂಜ್ ಬದಿಯಲ್ಲಿ ಗೋಡೆಗೂ ಗಾಜಿಗೂ 5 ಮಿ.ಮೀ. ಸಂದಿ ಇತ್ತು. ಅಲ್ಲಿಗೆ ಬಲೂನಿನಂತೆ ಪೊಳ್ಳಾಗಿರುವ ಸೀಲ್ ಅಥವಾ ಒಂಟಿ ನಾಲಿಗೆಯ ಸೀಲ್ ಎರಡೂ ಸಿಗುತ್ತವೆ. ಬಾಗಿಲು ತಿರುಗುವಾಗ ಆ ಅಂಚು ಗೋಡೆಯ ಕಡೆಗೆ ಸರಿಯುವುದರಿಂದ ಪೊಳ್ಳು ಸೀಲ್ ಅಲ್ಲಿ ಹಿಂಡಿಹೋಗಿ ಬಾಗಿಲನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ನಾಲಿಗೆಯದನ್ನೇ ಆರಿಸಿದೆ.

ಎರಡು ಗಾಜುಗಳ ನಡುವಿನ ಆಯಸ್ಕಾಂತದ ಜೋಡಿಯ ವಿಷಯದಲ್ಲಿ ದಪ್ಪ, ಸಂದಿಗಳ ಜೊತೆಗೆ ಕೋನವೂ ಮುಖ್ಯ. ಗಾಜುಗಳು ಒಂದೇ ಸಾಲಿನಲ್ಲಿ ಸೇರುವಲ್ಲಿ 180 ಡಿಗ್ರಿಯ ಜೋಡಿ, ಮೂಲೆಯಲ್ಲಿ ಸೇರುವಲ್ಲಿ 90ರ ಜೋಡಿ, ಐದು ಮುಖದ ಶವರ್ ಕೋಣೆಗಳಲ್ಲಿ 135ರ ಜೋಡಿ. ಸಾಲಿನಲ್ಲಿ ಸೇರುವ ಜೋಡಿಗೆ ಗಾಜಿನಿಂದ ಗಾಜಿಗೆ ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಅಂತರ ಬೇಕು; ನಮ್ಮಲ್ಲಿ 22 ಇತ್ತು. ಹಳೆಯ ಪಟ್ಟಿ ಹಿಡಿಯದೇ ಇದ್ದುದಕ್ಕೆ ಆಯಸ್ಕಾಂತದ ಶಕ್ತಿ ಕುಂದಿದ್ದು ಕಾರಣವಲ್ಲ. ಬಾಗಿಲು ಜೋತುಬಿದ್ದು ಪಟ್ಟಿಗಳು ಎದುರುಬದುರಾಗದೆ ಓರೆಯಾಗಿದ್ದವು, ಅವುಗಳ ಸುತ್ತಲಿನ ಪ್ಲಾಸ್ಟಿಕ್ ಕುಗ್ಗಿ ಅಂತರ ಹೆಚ್ಚಾಗಿತ್ತು. ಒಳಗಿನ ಆಯಸ್ಕಾಂತವಾದ ಫೆರೈಟ್ ಪಟ್ಟಿ ತುಕ್ಕು ಹಿಡಿಯುವ ವಸ್ತುವಲ್ಲ.

ತೋಡಿನ ಭಾಗ ಪಾಲಿಕಾರ್ಬೊನೇಟಿನದಾಗಿದ್ದು ನಾಲಿಗೆ ಮಾತ್ರ ಮೆತ್ತನೆಯ ಪಿವಿಸಿ ಆಗಿರುವ ಸೀಲ್ ಸಿಕ್ಕರೆ ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ; ಪೂರ್ತಿ ಪಿವಿಸಿಯದು ಒಂದೆರಡು ಬೇಸಿಗೆಗಳಲ್ಲಿ ಬಾಯಿ ಅಗಲಿಸಿ ಗಾಜಿನ ಹಿಡಿತವನ್ನು ಬಿಡುತ್ತದೆ. ಹಿಂಬದಿಯಲ್ಲಿ ಅಂಟು ಇರುವ ಸಿಲಿಕಾನ್ ಪಟ್ಟಿಗಳು ಸಂದಿ ತೀರ ಕಿರಿದಾಗಿ ತೋಡು ಹಿಡಿಸದ ಜಾಗಕ್ಕೆ ಒಳ್ಳೆಯವು, ಆದರೆ ಕರಾವಳಿಯ ತೇವದಲ್ಲಿ ಗಾಜು ಎಷ್ಟು ಒಣಗಿದ್ದರೂ ಅಂಟು ಬಿಡುವ ಸಂಭವ ಇದ್ದೇ ಇದೆ. ಕಾರವಾರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೆಳ ಅಂಚಿನ ಸೀಲ್ ಸಿಕ್ಕಿತು. ಆಯಸ್ಕಾಂತದ ಜೋಡಿಗೆ ಗೋವಾದ ಮಡಗಾಂವಿಗೆ ಹೋಗಬೇಕಾಯಿತು. ಹೋಗುವಾಗ ಹಳೆಯ ಸೀಲ್‌ಗಳ ಬೆರಳುದ್ದದ ತುಂಡುಗಳನ್ನು ಜೇಬಿನಲ್ಲಿ ಒಯ್ದಿದ್ದೆ; ಅಂಗಡಿಯವರ ಮುಂದೆ ಅದನ್ನು ಇಟ್ಟರೆ ಹತ್ತು ಮಾತು ಉಳಿಯುತ್ತದೆ. ಅಂಚೆಯಲ್ಲಿ ತರಿಸಿದರೆ ಇವು ಸುರುಳಿ ಸುತ್ತಿಕೊಂಡು ಬರುತ್ತವೆ, ಆ ಬಾಗು ಬಿಡಿಸುವುದು ಬಲು ಕಷ್ಟ. ಎರಡು ಮೀಟರಿಗಿಂತ ಉದ್ದದ ಸೀಲ್‌ಗಳನ್ನು ಅಷ್ಟೇ ಉದ್ದದ ಪಿವಿಸಿ ಪೈಪಿನೊಳಗೆ ತೂರಿಸಿ ರೈಲಿನಲ್ಲಿ ತಂದೆ. ಸಹಪ್ರಯಾಣಿಕರೊಬ್ಬರು ಅದನ್ನು ಮೀನಿನ ಗಾಳವೆಂದು ತಿಳಿದು ಯಾವ ಕಡೆ ಮೀನು ಚೆನ್ನಾಗಿ ಕಚ್ಚುತ್ತದೆಂದು ವಿಚಾರಿಸಿದರು.

ಗಾಜಿನ ಅಂಚನ್ನು ಶುಚಿಗೊಳಿಸುವುದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವ ಹಂತಕ್ಕೂ ಹಿಡಿಯಲಿಲ್ಲ. ಹಳೆಯ ಸೀಲ್‌ನ ಚೂರುಗಳ ಮೇಲೆ ಬಿಸಿನೀರು ಸುರಿದು ಮೆತ್ತಗಾದ ಮೇಲೆ ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ತೆಗೆದೆ. ಕಬ್ಬಿಣದ ಕಲೆಗೆ ನಿಂಬೆಹುಳಿ ಉಪ್ಪನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಅಂಚಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಸುಲಭವಾಗಿ ಬಿಡುತ್ತದೆ. ಶೌಚಾಲಯ ತೊಳೆಯುವ ತೀಕ್ಷ್ಣ ಆಮ್ಲವನ್ನು ಇಲ್ಲಿ ಬಳಸಕೂಡದು, ಅದು ಹಿಂಜಿನ ಕ್ರೋಮ್ ಲೇಪವನ್ನು ತಿಂದುಹಾಕುತ್ತದೆ. ಬೂಷ್ಟಿಗೆ ಬ್ಲೀಚ್ ಬಳಸುವವರು ಹುಳಿಯ ಅಂಶವನ್ನು ಪೂರ್ತಿ ತೊಳೆದ ಮೇಲೆಯೇ ಬಳಸಬೇಕು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಅಪಾಯಕಾರಿ. ಕೊನೆಯಲ್ಲಿ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ.

ಕತ್ತರಿಸುವುದರಲ್ಲಿ ಕೈಚಳಕವೆಲ್ಲ ಮೂಲೆಗಳಲ್ಲಿದೆ. ಕೆಳಗಿನ ಸೀಲ್ ಮತ್ತು ಪಕ್ಕದ ಸೀಲ್ ಎರಡೂ ಗಾಜಿನ ಒಂದೇ ಮೂಲೆಯನ್ನು ಕಚ್ಚಲು ಹೋದರೆ ತೋಡುಗಳು ಒಂದರ ಮೇಲೊಂದು ಏರುತ್ತವೆ. ಆದ್ದರಿಂದ ಕೆಳಗಿನದನ್ನು ಬಾಗಿಲಿನ ಅಗಲಕ್ಕಿಂತ 2 ಮಿ.ಮೀ. ಕಡಿಮೆ ಅಳತೆಗೆ ಇಡೀ ಒಂದೇ ತುಂಡಾಗಿ ಕತ್ತರಿಸಿ ಮೊದಲು ಕೂರಿಸಿದೆ. ಪಕ್ಕದ ಸೀಲ್‌ಗಳ ಗಟ್ಟಿ ತೋಡು ಅದರ ಮೇಲಂಚಿಗೆ ಬಂದು ನಿಲ್ಲುವಂತೆಯೂ, ಮೆತ್ತನೆಯ ನಾಲಿಗೆ ಮಾತ್ರ ಇನ್ನೂ ಹತ್ತು ಮಿಲಿಮೀಟರ್ ಕೆಳಕ್ಕೆ ಇಳಿದು ಕೂಡುವ ಜಾಗವನ್ನು ಮುಚ್ಚುವಂತೆಯೂ ಕತ್ತರಿಸಿದೆ. ಗಟ್ಟಿ ಭಾಗಕ್ಕೆ ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡು, ಮೆತ್ತನೆಯ ಭಾಗಕ್ಕೆ ಹೊಸ ಅಲಗಿನ ಕಟ್ಟರ್. ತೋಡಿನ ಒಳಗೆ ಗಾಜಿನಷ್ಟೇ ದಪ್ಪದ ಮರದ ಚೂರನ್ನು ತೂರಿಸಿ ಹಿಡಿದು ಗರಗಸ ಆಡಿಸಿದರೆ ತುದಿ ಒತ್ತಿ ಮುರಿಯುವುದಿಲ್ಲ. ಹಿಂಜ್ ಬದಿಯ ಸೀಲ್ ಮೂರು ತುಂಡುಗಳಾಗುತ್ತದೆ: ಮೇಲಿನ ಹಿಂಜಿನ ಮೇಲೆ, ಎರಡರ ನಡುವೆ, ಕೆಳಗಿನದರ ಕೆಳಗೆ.

ಆಯಸ್ಕಾಂತದ ಜೋಡಿಯನ್ನು ಕತ್ತರಿಸುವುದಕ್ಕೆ ಮೊದಲು ಬರಿಗೈಯಲ್ಲಿ ಎದುರುಬದುರು ಹಿಡಿದು ನೋಡಬೇಕು. ನಾವು ಹಿಡಿದಾಗ ಅವು ಸೇರುವ ಬದಲು ಪಕ್ಕಕ್ಕೆ ಜಾರಿದವು. ಒಂದನ್ನು ತಲೆಕೆಳಗು ಮಾಡಿ ಹಿಡಿದ ಕೂಡಲೆ ಟಪ್ಪೆಂದು ಅಂಟಿಕೊಂಡವು. ಸರಿಯಾದ ತುದಿಗೆ ಮಾರ್ಕರಿನಿಂದ ಗುರುತು ಹಾಕಿಕೊಳ್ಳದಿದ್ದರೆ ಕತ್ತರಿಸಿದ ಮೇಲೆ ಮತ್ತೆ ತಿರುಗಿಸುವ ಅವಕಾಶ ಇರುವುದಿಲ್ಲ.

ಕೂರಿಸುವಾಗ ಎಣ್ಣೆಯನ್ನಾಗಲಿ ಅಂಟನ್ನಾಗಲಿ ಹಚ್ಚುವ ಅಗತ್ಯವಿಲ್ಲ. ತೋಡಿಗೆ ತುಸು ಸಾಬೂನು ನೀರು ಸವರಿ, ಒಂದು ತುದಿಯಿಂದ ಆರಂಭಿಸಿ ಅಂಗೈಯಿಂದ ಒತ್ತುತ್ತ ಹೋದರೆ ಅದು ಗಾಜಿನ ಮೇಲೆ ಇಳಿಯುತ್ತದೆ; ಸುತ್ತಿಗೆಯನ್ನು, ಅದು ರಬ್ಬರಿನದೇ ಆಗಿರಲಿ, ಗಾಜಿನ ಅಂಚಿನ ಹತ್ತಿರ ತರಬಾರದು. ಕೆಳಗಿನ ಸೀಲ್‌ನ ತುಟಿ ಸ್ನಾನದ ಕಡೆಗೇ ಮುಖ ಮಾಡಿರಬೇಕು. ಅದು ಹೊರಮುಖವಾಗಿದ್ದರೆ ಹೊಸ ಸೀಲ್ ಹಳೆಯದಕ್ಕಿಂತ ಅಚ್ಚುಕಟ್ಟಾಗಿ ನೀರನ್ನು ಹೊರಕ್ಕೆ ಸಾಗಿಸುತ್ತದೆ. ನಮ್ಮ ನಾಲಿಗೆ ನಡುವಿನಲ್ಲಿ ಸ್ವಲ್ಪ ಹೆಚ್ಚು ಬಾಗುತ್ತಿತ್ತು. ಅಲ್ಲಿ ಉಕ್ಕಿನ ಅಳತೆಪಟ್ಟಿ ಇಟ್ಟು ಒಂದು ಮಿಲಿಮೀಟರಿನಷ್ಟನ್ನು ಕಟ್ಟರಿನಿಂದ ಸವರಿ ತೆಗೆದೆ.

ಮತ್ತೆ ಕಾಗದ ಹಾಸಿ ನೀರು ಸುರಿದಾಗ ಕೆಳ ಅಂಚೂ ನಡುವಿನ ಸಂದಿಯೂ ಒಣಗಿಯೇ ಉಳಿದವು. ಹಿಂಜ್ ಪಕ್ಕದ ಮೂಲೆಯಲ್ಲಿ ಮಾತ್ರ ಇನ್ನೂ ಹನಿ ಕಾಣಿಸಿತು. ಗ್ರಾನೈಟ್ ಪಟ್ಟಿ ಉದ್ದಕ್ಕೆ ಸಮವಾಗಿದ್ದರೂ ಅಡ್ಡಕ್ಕೆ ಹೊರಗಡೆ ಕೂದಲೆಳೆಯಷ್ಟು ವಾಲಿದ್ದುದೇ ಅದಕ್ಕೆ ಕಾರಣ: ತುಟಿಯಿಂದ ಒಳಕ್ಕೆ ಬಿದ್ದ ನೀರಿನಲ್ಲಿ ಸ್ವಲ್ಪ ಪಟ್ಟಿಯ ಮೇಲೆಯೇ ಹಿಂದಕ್ಕೆ ತೆವಳುತ್ತಿತ್ತು. ಹೊಸ್ತಿಲು ಕಟ್ಟುವಾಗಲೇ ಅದನ್ನು ನಹಾನಿಯ ಕಡೆಗೆ ತುಸು ಓರೆಯಾಗಿ ಕೂರಿಸಿದ್ದರೆ ಸೀಲ್‌ನ ಅರ್ಧ ಕೆಲಸ ಕಲ್ಲೇ ಮಾಡುತ್ತಿತ್ತು. ಮನೆ ಕಟ್ಟಿಸುತ್ತಿರುವವರು ಗಾರೆಯವರಿಗೆ ಇದನ್ನು ಒತ್ತಿ ಹೇಳುವುದು ಒಳ್ಳೆಯದು. ಕಲ್ಲನ್ನು ಕಿತ್ತು ಮತ್ತೆ ಕೂರಿಸುವ ಬದಲು, ನಾಲಿಗೆಯ ಒಳಬದಿಗೆ ಒತ್ತಾಗಿ ಅರ್ಧ ದುಂಡಗಿನ ಪಾರದರ್ಶಕ ಆಕ್ರಿಲಿಕ್ ಪಟ್ಟಿಯನ್ನು ಹೊಸ್ತಿಲಿನ ಉದ್ದಕ್ಕೂ ಅಂಟಿಸಿದೆ. ಇದಕ್ಕೆ ವಿನೆಗರ್ ವಾಸನೆಯ ಸಿಲಿಕಾನ್ ಬೇಡ, ಅದು ಕಲ್ಲಿಗೂ ಲೋಹಕ್ಕೂ ಒಗ್ಗುವುದಿಲ್ಲ; ನ್ಯೂಟ್ರಲ್ ಸಿಲಿಕಾನನ್ನೇ ಬಳಸಿ, ಒಂದು ಪೂರ್ತಿ ದಿನ ನೀರು ತಾಗದಂತೆ ಬಿಟ್ಟೆ. ಅಲುಗದ ಗಾಜು ನಿಂತಿರುವ ಅಲ್ಯುಮಿನಿಯಂ ಚಾನೆಲ್‌ಗೆ ಹೊರಬದಿಯಲ್ಲಿ ಮಾತ್ರ ಸಿಲಿಕಾನ್ ಇದೆ. ಒಳಬದಿಯ ಬುಡವನ್ನು ಅಕ್ಕ ಎಷ್ಟು ಹೇಳಿದರೂ ಹಾಗೆಯೇ ಬಿಟ್ಟೆ, ಏಕೆಂದರೆ ಚಾನೆಲ್ಲಿನೊಳಗೆ ಹೊಕ್ಕ ನೀರಿಗೆ ಮರಳಿ ಬರುವ ಬಾಗಿಲು ಅದೊಂದೇ.

ಜೂನ್ ಆರಂಭವಾದ ಮೇಲೆ ಸ್ನಾನದ ನಂತರ ಗಾಜಿನ ಮೇಲೆ ಒಮ್ಮೆ ವೈಪರ್ ಎಳೆದು, ಬಾಗಿಲನ್ನು ಮುಚ್ಚದೆ ಅಂಗೈ ಅಗಲ ತೆರೆದಿಡುವಂತೆ ಮನೆಯವರಿಗೆಲ್ಲ ಹೇಳಿದ್ದೇನೆ; ಮುಚ್ಚಿಟ್ಟರೆ ಆಯಸ್ಕಾಂತದ ಪಟ್ಟಿಗಳ ನಡುವಿನ ತೇವ ಆರುವುದೇ ಇಲ್ಲ. ಕತ್ತರಿಸಿ ಉಳಿದ ತುಂಡುಗಳ ಮೇಲೆ "ಕೆಳಗೆ, ಗಾಜು 8, ಸಂದಿ 9", "ಗೋಡೆ ಬದಿ, ಸಂದಿ 5", "ನಡುವೆ, 180, ಅಂತರ 22" ಎಂದು ಮಾರ್ಕರಿನಿಂದ ಬರೆದು, ಅಲೆನ್ ಕೀಯ ಜೊತೆ ಒಂದು ಚೀಲದಲ್ಲಿ ಕಟ್ಟಿ, ಬಚ್ಚಲಿನ ಹೊರಗಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಭಾವನವರು ಮಡಗಾಂವಿಗೆ ಹೊರಟಾಗ ಅಳತೆ ಕೇಳಿ ನನಗೆ ಫೋನ್ ಮಾಡಬೇಕಾಗಿಲ್ಲ.